ಹಸಿರು ಬಣ್ಣದ ಕೆಳಗಿನ ಸುಕ್ಕು

ಹಳೆಯ ಉಕ್ಕಿನ ಸೈಕಲ್ ಫ್ರೇಮನ್ನು ಫೋಟೊ ನೋಡಿ ಕೊಳ್ಳುವವರು ಸಾಮಾನ್ಯವಾಗಿ ತುಕ್ಕಿನ ಬಗ್ಗೆಯೇ ವಿಚಾರಿಸುತ್ತಾರೆ. ಧಾರವಾಡದ ಯುವಕರೊಬ್ಬರು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದ ಫ್ರೇಮಿನ ವಿಷಯದಲ್ಲಿ ನಾನು ಕೇಳಿದ್ದೂ ಅದನ್ನೇ. ಅವರು ಕಳುಹಿಸಿದ ಚಿತ್ರಗಳಲ್ಲಿ ತುಕ್ಕಿನ ಸುಳಿವಿರಲಿಲ್ಲ, ಮತ್ತು ಅಷ್ಟರ ಮಟ್ಟಿಗೆ ಆ ಚಿತ್ರಗಳು ಸುಳ್ಳು ಹೇಳಿರಲಿಲ್ಲ. ಕಡುಹಸಿರು ಬಣ್ಣ, ಕೊಳವೆಗಳು ಕೂಡುವಲ್ಲಿ ಅವನ್ನು ಹಿಡಿದಿಡುವ, ಚೂಪಾಗಿ ಕೊರೆದ ಅಂಚಿನ ಉಕ್ಕಿನ ಬಳೆಗಳು, ಎಂದರೆ ಲಗ್ಗುಗಳು, ಸೀಟಿನ ಕೊಳವೆಯ ಮೇಲೆ ‘ರೆನಾಲ್ಡ್ಸ್ 531’ ಎಂಬ ಸ್ಟಿಕರು, ಜೊತೆಗೆ ‘ಪೌಡರ್ ಕೋಟಿಂಗ್ ಮಾಡಿಸಿದ್ದು, ಒಂದು ಗೀರೂ ಇಲ್ಲ’ ಎಂಬ ಒಕ್ಕಣೆ. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕ್ ಸೇರಿ ಹದಿನಾಲ್ಕು ಸಾವಿರ ರೂಪಾಯಿಗೆ ಮಾತಾಯಿತು. ಬಸ್ಸಿನ ಪಾರ್ಸೆಲ್‌ನಲ್ಲಿ ಅದು ಮೈಸೂರಿಗೆ ಬಂದಿಳಿಯಿತು.

ಆ ಬೆಲೆ ಹೆಚ್ಚೆಂದು ನನಗೆ ಅನಿಸಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಸಂಸ್ಥೆ 1935ರಲ್ಲಿ ಹೊರತಂದ ಈ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕಿನ ಕೊಳವೆ ಹಲವು ದಶಕಗಳ ಕಾಲ ಒಳ್ಳೆಯ ರೇಸಿಂಗ್ ಮತ್ತು ಟೂರಿಂಗ್ ಸೈಕಲ್ಲುಗಳ ಬೆನ್ನೆಲುಬಾಗಿತ್ತು. ಕೊಳವೆಯನ್ನು ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಎಳೆಯುವ ವಿಧಾನಕ್ಕೆ ಆ ಮನೆತನದವರು 1897ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದರು. ಬೆಸುಗೆಯ ಕಾವು ಮತ್ತು ಒತ್ತಡ ಬೀಳುವ ತುದಿಯಲ್ಲಿ ಗೋಡೆಯ ದಪ್ಪ, ಉದಾಹರಣೆಗೆ ಕೆಳಗಿನ ಓರೆ ಕೊಳವೆಯಲ್ಲಿ, 0.9 ಮಿಲಿಮೀಟರ್ ಇದ್ದರೆ, ಅಷ್ಟೊಂದು ಬಲ ಬೇಡದ ನಡುಭಾಗದಲ್ಲಿ 0.6ಕ್ಕೆ ಇಳಿದಿರುತ್ತದೆ. ನಮ್ಮಲ್ಲಿ ಹಾಲಿನವರೂ ಪೇಪರಿನವರೂ ತುಳಿದ ಹೀರೋ, ಅಟ್ಲಾಸ್, ಹರ್ಕ್ಯುಲಿಸ್‌ಗಳದು ಬೇರೆಯೇ ಜಾತಿ. ಭಾರ ಹೊರುವುದು ಅವುಗಳ ಕಸುಬಾದ್ದರಿಂದ ಅವುಗಳ ಕೊಳವೆ ಉದ್ದಕ್ಕೂ ದಪ್ಪ, ತೂಕವೂ ಅದಕ್ಕೆ ತಕ್ಕಂತೆ. 531ರ ಈ ತೆಳುತನವೇ ಮುಂದಿನ ಕಥೆಗೆಲ್ಲ ಮೂಲವಾಯಿತು.

ಸ್ಟಿಕರನ್ನು ಯಾರು ಬೇಕಾದರೂ ಅಚ್ಚು ಹಾಕಿಸಿ ಅಂಟಿಸಬಹುದಾದ್ದರಿಂದ ಮೊದಲು ಅದನ್ನೇ ಪರೀಕ್ಷಿಸಿದೆ. ಸೀಟಿನ ಕೊಳವೆಯ ಬಾಯಿಗೆ ವರ್ನಿಯರ್ ಹಿಡಿದಾಗ ಒಳ ಅಳತೆ 27.2 ಮಿಲಿಮೀಟರ್ ಬಂತು. ಆ ಕಾಲದ ಒಳ್ಳೆಯ 531 ಫ್ರೇಮುಗಳಲ್ಲಿ ಸಿಗಬೇಕಾದ ಅಳತೆ ಅದೇ. ದಪ್ಪ ಗೋಡೆಯ ಅಗ್ಗದ ಕೊಳವೆಯಾಗಿದ್ದರೆ ರಂಧ್ರ ಇನ್ನೂ ಕಿರಿದಾಗಿರುತ್ತಿತ್ತು. ಪೆಡಲಿನ ಅಚ್ಚು ಕೂರುವ ಭಾಗ 68 ಮಿಲಿಮೀಟರ್ ಅಗಲವಿತ್ತು, ಬಲಗಡೆಯ ಮರೆ (ಸ್ಕ್ರೂವಿನ ಸುತ್ತು) ಎಡಕ್ಕೆ ತಿರುಗುವಂಥದ್ದಾಗಿತ್ತು; ಇಂಗ್ಲಿಷ್ ಅಳತೆಯ ಫ್ರೇಮುಗಳಲ್ಲಿ ಇರುವುದೂ ಹೀಗೆಯೇ. ಆಮೇಲೆ ದಾರದ ಪರೀಕ್ಷೆ. ಹಿಂದಿನ ಚಕ್ರದ ಅಚ್ಚು ಕೂರುವ ಒಂದು ತುದಿಗೆ ದಾರ ಕಟ್ಟಿ, ಹ್ಯಾಂಡಲಿನ ಕೆಳಗಿರುವ ಹೆಡ್ ಟ್ಯೂಬನ್ನು ಬಳಸಿ ತಂದು, ಇನ್ನೊಂದು ತುದಿಗೆ ಬಿಗಿಯಾಗಿ ಕಟ್ಟಿ, ಎರಡೂ ಪಕ್ಕದಲ್ಲಿ ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರವನ್ನು ಅಳೆದರೆ ಹಿಂಬದಿ ಒಂದು ಕಡೆಗೆ ವಾಲಿದೆಯೇ ಎಂಬುದು ತಿಳಿದುಹೋಗುತ್ತದೆ. ವಾಲಿರಲಿಲ್ಲ. ಫೋರ್ಕೂ ನೆಟ್ಟಗಿತ್ತು. ಇಷ್ಟು ಹೊತ್ತಿಗೆ ಖುಷಿಯಾಗಬೇಕಿತ್ತು, ಆಯಿತು ಕೂಡ.

ಕೊಳೆ ಒರೆಸಲೆಂದು ಫ್ರೇಮನ್ನು ತಲೆಕೆಳಗು ಮಾಡಿ ಒದ್ದೆ ಬಟ್ಟೆ ಆಡಿಸುತ್ತಿದ್ದಾಗ ಕೆಳಗಿನ ಓರೆ ಕೊಳವೆಯ, ಎಂದರೆ ಡೌನ್ ಟ್ಯೂಬಿನ, ಅಡಿಯಲ್ಲಿ ಹೆಬ್ಬೆರಳಿಗೆ ಏನೋ ಸಿಕ್ಕಿತು. ಹೆಡ್ ಟ್ಯೂಬಿನ ಲಗ್ಗು ಮುಗಿದು ಎರಡು ಬೆರಳಗಲದಷ್ಟು ಆಚೆ ಕೊಳವೆ ಕೊಂಚ ಉಬ್ಬಿ ಮತ್ತೆ ಇಳಿದಂತಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೋಣೆಯ ದೀಪ ಆರಿಸಿ ಟಾರ್ಚನ್ನು ಕೊಳವೆಗೆ ಸಮಾಂತರವಾಗಿ ಹಿಡಿದಾಗ ಬೆಳಕಿನ ಗೆರೆ ಉದ್ದಕ್ಕೂ ನೇರವಾಗಿ ಬಂದು ಅಲ್ಲಿ ಮಾತ್ರ ಹೊರಳಿತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಚಿಕ್ಕ ಅಯಸ್ಕಾಂತವೊಂದನ್ನು ತಂದು ಕೊಳವೆಯ ಮೇಲೆ ಜಾರಿಸುತ್ತ ಹೋದೆ. ಉಳಿದೆಲ್ಲ ಕಡೆ ಗಟ್ಟಿಯಾಗಿ ಕಚ್ಚಿಕೊಂಡಿದ್ದ ಅದು ಆ ಜಾಗಕ್ಕೆ ಬಂದಾಗ ಸಡಿಲವಾಗಿ, ತುಸು ಅಲುಗಿಸಿದರೆ ಜಾರಿ ಬೀಳುವಷ್ಟು ದುರ್ಬಲವಾಯಿತು. ಬಣ್ಣಕ್ಕೂ ಉಕ್ಕಿಗೂ ನಡುವೆ ಉಕ್ಕಲ್ಲದ ಏನೋ ಒಂದು ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಬ್ಲೇಡಿನಿಂದ ಉಗುರಿನಷ್ಟು ಜಾಗ ಕೆರೆದೆ. ಹಸಿರಿನ ಕೆಳಗೆ ಬೂದು ಬಣ್ಣದ ಪ್ರೈಮರ್, ಅದರ ಕೆಳಗೆ ಸೀಮೆಸುಣ್ಣದಂತೆ ಪುಡಿಯಾಗುವ ಪುಟ್ಟಿ. ಕಾರಿನ ತಗ್ಗು ಮುಚ್ಚಲು ಟಿಂಕರಿಂಗ್‌ನವರು ಬಳಸುವ ಅದೇ ಪುಟ್ಟಿ. ಅದನ್ನು ಕಂಡಾಗ ನನಗೆ ಮೊದಲು ಹೊಳೆದದ್ದು ‘ಪೌಡರ್ ಕೋಟಿಂಗ್’ ಎಂಬ ಮಾತಿನ ಗತಿ. ಪೌಡರ್ ಕೋಟಿಂಗ್ ಎಂದರೆ ಒಣ ಬಣ್ಣದ ಪುಡಿಯನ್ನು ಹಚ್ಚಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನ ಒಲೆಯಲ್ಲಿ ಬೇಯಿಸುವ ಕೆಲಸ; ಸಾಮಾನ್ಯ ಪುಟ್ಟಿ ಆ ಬಿಸಿಯನ್ನು ತಾಳುವುದಿಲ್ಲ. ಹಾಗಾದರೆ ಇದು ಒಲೆಗೆ ಹೋದ ಫ್ರೇಮಲ್ಲ. ಪೆಡಲಿನ ಅಚ್ಚಿನ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದಾಗ ಹತ್ತಿ ಹಸಿರಾಯಿತು. ಬೇಯಿಸಿದ ಬಣ್ಣ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇದು ಸ್ಪ್ರೇ ಪೇಂಟು. ಇದನ್ನು ಬಳಿದವರು ಯಾರೇ ಆಗಿರಲಿ, ತಗ್ಗನ್ನು ಕಣ್ಣಾರೆ ನೋಡಿ, ಪುಟ್ಟಿ ತುಂಬಿ, ಉಜ್ಜಿ ನಯ ಮಾಡಿ, ಆಮೇಲೆ ಬಣ್ಣ ಹೊಡೆದಿದ್ದರು. ಕಣ್ತಪ್ಪಿನಿಂದ ಆಗುವ ಕೆಲಸ ಇದಲ್ಲ.

ಇಂಥ ಸುಕ್ಕು ಎಲ್ಲೆಂದರಲ್ಲಿ ಏಳುವುದಿಲ್ಲ. ಸೈಕಲ್ಲು ಎದುರಿನಿಂದ ಗೋಡೆಗೋ ವಾಹನಕ್ಕೋ ಬಡಿದಾಗ ಮುಂದಿನ ಚಕ್ರ ಫೋರ್ಕನ್ನು ಹಿಂದಕ್ಕೆ ದಬ್ಬುತ್ತದೆ, ಫೋರ್ಕು ಹೆಡ್ ಟ್ಯೂಬಿನ ಕೆಳತುದಿಯನ್ನು ಹಿಂದಕ್ಕೆ ಒತ್ತುತ್ತದೆ, ಆ ಒತ್ತಡಕ್ಕೆ ಡೌನ್ ಟ್ಯೂಬಿನ ಅಡಿಭಾಗ ಕುಗ್ಗಿ ಮಡಿಸಿಕೊಳ್ಳುತ್ತದೆ. ದಪ್ಪ ಗೋಡೆ ಮುಗಿದು ತೆಳು ಗೋಡೆ ಶುರುವಾಗುವ ಜಾಗದಲ್ಲೇ ಆ ಮಡಿಕೆ ಬೀಳುವುದು ಹೆಚ್ಚು. ಆದರೆ ಅಷ್ಟು ಪೆಟ್ಟು ಬಿದ್ದ ಸೈಕಲ್ಲಿನ ಫೋರ್ಕು ನೆಟ್ಟಗೆ ಉಳಿಯುವುದು ಹೇಗೆ? ಸ್ವಲ್ಪ ಹೊತ್ತಿನ ಹಿಂದೆ ನನಗೆ ನೆಮ್ಮದಿ ತಂದಿದ್ದ ಸಂಗತಿಯೇ ಈಗ ಅನುಮಾನಕ್ಕೆ ಕಾರಣವಾಯಿತು. ಫೋರ್ಕನ್ನು ಬಿಚ್ಚಿ ಅದರ ಒಳಕೊಳವೆಯನ್ನು ನೋಡಿದೆ. ಫ್ರೇಮಿನ ಒಳಗೆಲ್ಲ ಹಳೆಯ ಗ್ರೀಸು ಅರಗಿನಂತೆ ಗಟ್ಟಿಯಾಗಿದ್ದರೆ ಫೋರ್ಕಿನ ಕೊಳವೆ ಶುಭ್ರವಾಗಿತ್ತು, ಮರೆಗಳು ಸವೆದೇ ಇರಲಿಲ್ಲ. ಅದು ಈ ಫ್ರೇಮಿನೊಡನೆ ಹುಟ್ಟಿದ ಫೋರ್ಕಲ್ಲ. ಮೊದಲಿನದು ಬಗ್ಗಿಹೋದ ಮೇಲೆ ಹಾಕಿದ ಬದಲಿ.

ಸುಕ್ಕು ಇದ್ದ ಮಾತ್ರಕ್ಕೆ ಕೊಳವೆ ನಾಳೆಯೇ ಮುರಿಯುತ್ತದೆ ಎಂದಲ್ಲ, ಅಲ್ಲಿ ಬಿರುಕು ಹುಟ್ಟಿದೆಯೇ ಎಂಬುದು ಮುಖ್ಯ. ಅದಕ್ಕಾಗಿ ಫ್ರೇಮನ್ನು ನನಗೆ ಪರಿಚಯವಿದ್ದ ಹಿರಿಯ ವೆಲ್ಡರ್ ಒಬ್ಬರ ಬಳಿಗೆ ಒಯ್ದೆ. ಅವರು ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಕೆಲಸ ಕಲಿತು, 1996ರಲ್ಲಿ ಅದು ಮುಚ್ಚಿದ ಮೇಲೆ ಸ್ವಂತ ಗ್ಯಾಸ್ ವೆಲ್ಡಿಂಗ್ ಶೆಡ್ಡು ಹಾಕಿಕೊಂಡವರು. ಮೈಸೂರಿನಲ್ಲಿ ಲೋಹದ ಕೆಲಸದ ಮಾತು ಬಂದರೆ ಎಲ್ಲಾದರೊಂದು ಕಡೆ ಜಾವಾ ಹೆಸರು ಬಂದೇ ಬರುತ್ತದೆ. ಅವರು ಪುಟ್ಟಿಯನ್ನೆಲ್ಲ ಕೆರೆದು ತೆಗೆದು, ಉಕ್ಕನ್ನು ಥಿನ್ನರಿನಿಂದ ಒರೆಸಿ, ಬೆಸುಗೆಯ ಬಿರುಕು ಹುಡುಕಲು ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಇಟ್ಟುಕೊಂಡಿರುವ ಕೆಂಪು ದ್ರವವನ್ನು ಸಿಂಪಡಿಸಿದರು. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ, ಬಿರುಕೇನಾದರೂ ಇದ್ದರೆ ಅದರೊಳಕ್ಕೆ ಆ ಕೆಂಪು ಇಳಿದಿರುತ್ತದೆ. ಆಮೇಲೆ ಮೇಲಿನ ಕೆಂಪನ್ನು ಪೂರ್ತಿ ಒರೆಸಿ, ಒಳಗಿಳಿದ ಕೆಂಪನ್ನು ಹೊರಗೆಳೆಯುವ ಬಿಳಿಯ ಡೆವಲಪರನ್ನು ತೆಳುವಾಗಿ ಹೊಡೆದರು. ಮೊದಲು ಏನೂ ಇರಲಿಲ್ಲ, ಸುಣ್ಣ ಬಳಿದಂತೆ ಬಿಳಿ ಅಷ್ಟೇ. ನೋಡುತ್ತಿದ್ದಂತೆ ಸುಕ್ಕಿನ ಮಡಿಕೆಯಲ್ಲಿ ಒಂದು ಕೆಂಪು ಚುಕ್ಕೆ ಮೂಡಿ, ಅದರ ಪಕ್ಕ ಇನ್ನೊಂದು ಮೂಡಿ, ಎರಡೂ ಕೂಡಿಕೊಂಡು ಕೊಳವೆಗೆ ಅಡ್ಡಲಾಗಿ ಒಂದು ಸೆಂಟಿಮೀಟರಿನಷ್ಟು ಉದ್ದದ ಕೂದಲೆಳೆ ಗೆರೆಯಾಯಿತು.

“ಬಿಟ್ಟಿದೆ ಸಾರ್,” ಎಂದರು ಯಜಮಾನರು. “ನೀವು ಬೆಟ್ಟಕ್ಕೆ ಹೋಗೋ ಪೈಕಿ ತಾನೇ? ಹತ್ತುವಾಗ ಏನೂ ಆಗಲ್ಲ. ಇಳಿಯುವಾಗ ಬ್ರೇಕ್ ಒತ್ತಿದ್ರೆ ಎಲ್ಲಾ ಭಾರ ಬರೋದು ಇಲ್ಲಿಗೇ.”

ರಿಪೇರಿಯ ಮಾತೂ ಬಂತು. ಬಿರುಕಿನ ಮೇಲೆ ಹಿತ್ತಾಳೆ ಕಡ್ಡಿ ಕರಗಿಸಿ ತುಂಬುವುದು ಅವರಿಗೆ ಕಷ್ಟದ ಕೆಲಸವೇನಲ್ಲ, ಆದರೆ ಮಡಿಕೆ ಹಾಗೆಯೇ ಉಳಿಯುತ್ತದೆ ಮತ್ತು ಹೊಸ ಬಿರುಕು ಆ ತೇಪೆಯ ಅಂಚಿನಲ್ಲಿ ಹುಟ್ಟುತ್ತದೆ. ಸರಿಯಾದ ರಿಪೇರಿಯೆಂದರೆ ಎರಡೂ ತುದಿಯ ಬೆಸುಗೆಯನ್ನು ಕಾಯಿಸಿ ಬಿಡಿಸಿ, ಡೌನ್ ಟ್ಯೂಬನ್ನೇ ಹೊರತೆಗೆದು, 28.6 ಮಿಲಿಮೀಟರ್ ವ್ಯಾಸದ ಹೊಸ ಕೊಳವೆ ಕೂರಿಸಿ ಮತ್ತೆ ಬೆಸೆಯುವುದು. ಲಗ್ಗು ಇರುವ ಉಕ್ಕಿನ ಫ್ರೇಮಿನ ದೊಡ್ಡ ಗುಣವೆಂದರೆ ಇದು ಸಾಧ್ಯವಿರುವುದು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಇಂಥ ಯೋಚನೆಯನ್ನೇ ಯಾರೂ ಮಾಡುವುದಿಲ್ಲ. ಆದರೆ ತುದಿಯಲ್ಲಿ ದಪ್ಪ, ನಡುವೆ ತೆಳು ಇರುವ ಕೊಳವೆ ನಮ್ಮ ಪೇಟೆಯಲ್ಲಿ ಬಿಡಿಯಾಗಿ ಸಿಗುವಂಥದ್ದಲ್ಲ. ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಫ್ರೇಮಿನ ಬೆಲೆಯನ್ನು ಮುಟ್ಟುತ್ತದೆ, ಕಾವಿಗೆ ಮತ್ತೆ ಮತ್ತೆ ಒಡ್ಡಿದ ಲಗ್ಗುಗಳ ಪಾಡು ಬೇರೆ. ಹಳೆಯ ವಸ್ತುವಿನ ಮೇಲಿನ ವ್ಯಾಮೋಹ ಅಷ್ಟು ದೂರ ಹೋಗಬಾರದು ಎಂದು ನಾನು ನಿರ್ಧರಿಸಿದೆ.

ಉಳಿದದ್ದು ಮಾರಿದವರೊಡನೆ ಮಾತು. ಫೋನ್ ಮಾಡುವ ಮೊದಲು ಕಾನೂನಿನ ಸ್ಥಿತಿ ಏನೆಂದು ನೋಡಿಕೊಂಡೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರ ಮಾಡುವವರನ್ನು ಗಮನದಲ್ಲಿಟ್ಟುಕೊಂಡದ್ದು. ತನ್ನ ಮನೆಯ ಹಳೆ ಸಾಮಾನನ್ನು ಒಮ್ಮೆ ಮಾರುವವರನ್ನು ಅದರೊಳಕ್ಕೆ ಎಳೆದು ತರುವುದು ಕಷ್ಟ. 1872ರ ಕರಾರು ಕಾಯ್ದೆಯೇ ಇಲ್ಲಿ ಹೆಚ್ಚು ಹತ್ತಿರದ್ದು. ಅದರ 17ನೇ ಕಲಮು, ಸಂಗತಿ ಗೊತ್ತಿದ್ದೂ ಅದನ್ನು ಬೇಕೆಂದೇ ಮರೆಮಾಚುವುದನ್ನು ವಂಚನೆ ಎನ್ನುತ್ತದೆ. ಬಿರುಕಿನ ಮೇಲೆ ಪುಟ್ಟಿ ಬಳಿಯುವುದಕ್ಕಿಂತ ಒಪ್ಪುವ ಉದಾಹರಣೆ ಸಿಗುವುದು ಅಪರೂಪ. ಆದರೆ ಆ ಕಲಮಿನ ಜೀವ ಇರುವುದು ‘ಗೊತ್ತಿದ್ದೂ’ ಎನ್ನುವಲ್ಲಿ. ಪುಟ್ಟಿ ಬಳಿದ ಕೈ ಯಾರದೆಂದು ನನ್ನ ಬ್ಲೇಡಾಗಲಿ ಕೆಂಪು ಗೆರೆಯಾಗಲಿ ಹೇಳಲಾರವು. ಆದ್ದರಿಂದ ಆರೋಪ ಹೊರಿಸದೆ, ಅಯಸ್ಕಾಂತ ಜಾರುವ ವಿಡಿಯೊ, ಹಸಿರಾದ ಹತ್ತಿ, ಕೆಂಪು ಗೆರೆ, ಇಷ್ಟನ್ನೂ ಕ್ರಮವಾಗಿ ಕಳುಹಿಸಿ, ಬಣ್ಣ ಮಾಡಿಸಿದ್ದು ಯಾವಾಗ ಎಂದಷ್ಟೇ ಕೇಳಿದೆ.

ಅವರೇ ಫೋನ್ ಮಾಡಿದರು. “ಸರ್, ನಾ ಪೇಂಟ್ ಹೊಡಸೇ ಇಲ್ರಿ. ಗೋವಾದಾಗ ಒಬ್ಬರ ಕಡಿಂದ ತಗೊಂಡಾಗನ ಇದ ಹಸಿರ ಬಣ್ಣ ಇತ್ರಿ. ಪೌಡರ್ ಕೋಟಿಂಗ್ ಅಂತ ಅವರ ಹೇಳಿದ್ರು, ನಾನೂ ಹಂಗ ಬರದೆ,” ಎಂದು, ಕೊಂಡ ದಿನವೇ ತೆಗೆದ ಚಿತ್ರವನ್ನೂ ಕಳುಹಿಸಿದರು. ಚಿತ್ರದಲ್ಲಿ ಅದೇ ಹಸಿರು, ಅದೇ ಸ್ಟಿಕರು. ನಾನು ನಂಬಿದೆ. ಎತ್ತರ ಹೊಂದಲಿಲ್ಲವೆಂದು ಅವರು ಅದನ್ನು ಓಡಿಸದೆಯೇ ಇಟ್ಟಿದ್ದರಂತೆ. ಓಡಿಸಿದ್ದರೆ ಏನಾಗುತ್ತಿತ್ತು ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ತಿಳಿಯದೆ ಹೇಳಿದ ತಪ್ಪು ಮಾತಿಗೂ ಅದೇ ಕಾಯ್ದೆಯಲ್ಲಿ ಬೇರೆ ಕಲಮಿದೆ, ಅದರ ಆಧಾರದ ಮೇಲೆ ವ್ಯವಹಾರವನ್ನು ರದ್ದು ಮಾಡಲು ಕೇಳಬಹುದಿತ್ತು. ಅದರ ಅಗತ್ಯವೇ ಬರಲಿಲ್ಲ. “ತಿರುಗಿ ಕಳಸ್ರಿ, ನಿಮ್ಮ ರೊಕ್ಕ ಪೂರ್ತಿ ಕೊಡ್ತೇನ್ರಿ, ಎರಡು ಕಂತಿನಾಗ,” ಎಂದು ಅವರೇ ಹೇಳಿದರು.

ತಿರುಗಿ ಕಳುಹಿಸಲು ನನಗೆ ಮನಸ್ಸಾಗಲಿಲ್ಲ. ಅವರು ಪ್ರಾಮಾಣಿಕರೆಂಬುದರಲ್ಲಿ ಸಂಶಯವಿರಲಿಲ್ಲ. ಆದರೆ ಅವರು ನಿಜ ಹೇಳಿ ಕಡಿಮೆ ಬೆಲೆಗೆ ಮಾರಿದರೂ, ಕೊಂಡವರು ನಾಲ್ಕು ನೂರು ರೂಪಾಯಿಯ ಪುಟ್ಟಿ-ಬಣ್ಣ ಖರ್ಚು ಮಾಡಿ ಮೂರನೆಯವರಿಗೆ ಸಾಗಿಸುವುದಿಲ್ಲ ಎಂದು ಯಾರು ಹೇಳಬಲ್ಲರು? ಪ್ರತಿ ಕೈ ಬದಲಾದಾಗಲೂ ಫ್ರೇಮು ಉಳಿಯುತ್ತದೆ, ಅದರ ಪೂರ್ವಕಥೆ ಮಾತ್ರ ಅಳಿಸಿಹೋಗುತ್ತದೆ. ಆದ್ದರಿಂದ ನಾನು ಬೇರೆ ಲೆಕ್ಕ ಮುಂದಿಟ್ಟೆ: ಅವರು ಏಳು ಸಾವಿರ ವಾಪಸು ಕೊಡುವುದು, ಬಿರುಕಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಫೋರ್ಕು ಮತ್ತು ಬೇರಿಂಗಿನ ಕಪ್-ಕೋನುಗಳನ್ನು ನಾನು ಇಟ್ಟುಕೊಳ್ಳುವುದು, ಫ್ರೇಮನ್ನು ಇನ್ನು ಯಾರೂ ಓಡಿಸದಂತೆ ಮಾಡುವುದು. ಅವರು ಒಪ್ಪಿದರು, ಹಣ ಮರುದಿನವೇ ಬಂತು.

ಅದೇ ಶೆಡ್ಡಿನಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಡೌನ್ ಟ್ಯೂಬನ್ನು ಸುಕ್ಕಿನ ಎರಡೂ ಪಕ್ಕದಲ್ಲಿ ಕೊಯ್ದೆವು. ಲಗ್ಗಿನ ಕಡೆಯ ಅಂಚಿಗೆ ವರ್ನಿಯರ್ ಹಿಡಿದರೆ 0.9, ಇನ್ನೊಂದು ಅಂಚಿಗೆ 0.6, ಸ್ಟಿಕರು ಸುಳ್ಳಾಡಿರಲಿಲ್ಲ, ಮತ್ತು ಮಡಿಕೆ ಬಿದ್ದದ್ದು ಸರಿಯಾಗಿ ಆ ಎರಡರ ನಡುವೆ. ತುಂಡನ್ನು ಉದ್ದಕ್ಕೆ ಸೀಳಿದಾಗ ಒಳಗೋಡೆಯಲ್ಲಿ ಬಿರುಕಿನ ಜಾಡು ಹಿಡಿದು ಕಂದು ತುಕ್ಕಿನ ಗೆರೆಯೊಂದಿತ್ತು. ನಾನು ಮೊಟ್ಟಮೊದಲು ವಿಚಾರಿಸಿದ್ದ ತುಕ್ಕು ಇದ್ದದ್ದು ಅಲ್ಲಿ. ಹೆಡ್ ಟ್ಯೂಬು ಮತ್ತು ಲಗ್ಗುಗಳಿದ್ದ ಭಾಗವನ್ನು ಯಜಮಾನರು ಶೆಡ್ಡಿನ ಹುಡುಗರಿಗೆ ಬ್ರೇಜಿಂಗ್, ಎಂದರೆ ಕಡ್ಡಿ ಕರಗಿಸಿ ಬೆಸೆಯುವ ವಿಧಾನ, ತೋರಿಸಲೆಂದು ಕೇಳಿ ಇಟ್ಟುಕೊಂಡರು, ಹಿಂಬದಿ ಗುಜರಿಗೆ ಕಬ್ಬಿಣದ ದರದಲ್ಲಿ ಹೋಯಿತು. ಸೀಳಿದ ತುಂಡನ್ನು ಮಾತ್ರ ಧಾರವಾಡದವರು ಬೇಕೆಂದರು. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿಕೊಟ್ಟೆ; ಗೋವಾದವರೊಡನೆ ಅವರ ವ್ಯವಹಾರ ಇನ್ನೂ ಮುಗಿದಿಲ್ಲ.