ಹದಿನಾಲ್ಕು ಕಡ್ಡಿ

ಮಲ್ಪೆಯ ನಮ್ಮ ದೊಡ್ಡಮ್ಮ ಮೂವತ್ತು ವರ್ಷ ಊಟವನ್ನು ಕುಡಿದವರು. ಹಲ್ಲಿನ ನಡುವೆ ಚಮಚವೂ ಹೋಗುತ್ತಿರಲಿಲ್ಲ. ಕುಚ್ಚಲಕ್ಕಿ ಗಂಜಿಯನ್ನು ಕಿವುಚಿ ನೀರು ಮಾಡಿಕೊಂಡು, ಬಿದ್ದುಹೋದ ಒಂದು ಹಲ್ಲಿನ ಸಂದಿಯಿಂದ ಹೀರುತ್ತಿದ್ದರು. ಮದುವೆಮನೆಯಲ್ಲಿ ಎಡಗೆನ್ನೆಗೆ ಸೆರಗು ಒತ್ತಿಕೊಂಡು ನಿಂತಿರುತ್ತಿದ್ದರು, ಬಡಿಸುವ ಹೊತ್ತಿಗೆ ಕಾಣುತ್ತಿರಲಿಲ್ಲ.

ನಾಲ್ಕನೇ ವಯಸ್ಸಿಗೆ ದಡಾರ ಬಂದಿತ್ತಂತೆ. ಜ್ವರ ಬಿಟ್ಟಿತು, ಆದರೆ ವಸಡು ಹುಣ್ಣಾಗಿ ಬಾಯಿ ನಾರತೊಡಗಿತು, ಕೆನ್ನೆ ಊದಿ ಕಪ್ಪಾಯಿತು, ಕೆಲವೇ ದಿನದಲ್ಲಿ ತೂತು ಬಿತ್ತು. ದೃಷ್ಟಿ ತಾಗಿದೆ ಅಂದರು ಮನೆಯವರು. ಅದರ ಹೆಸರು ನೋಮಾ. ಹೊಟ್ಟೆಗೆ ಸಾಲದೆ, ದಡಾರವೋ ಮಲೇರಿಯಾವೋ ಬಂದು ಸೋತ ಪುಟ್ಟ ಮಕ್ಕಳಿಗೇ ಇದು ಜಾಸ್ತಿ. ಚಿಕಿತ್ಸೆ ಸಿಗದಿದ್ದರೆ 100ರಲ್ಲಿ 90 ಮಕ್ಕಳವರೆಗೂ ಸಾಯುತ್ತಾರೆ. ವಸಡು ಹುಣ್ಣಾದಾಗಲೇ ಸಾಮಾನ್ಯ ಆಂಟಿಬಯೋಟಿಕ್ ಕೊಟ್ಟು, ಬಾಯಿ ತೊಳೆದು, ಒಳ್ಳೆ ಊಟ ಕೊಟ್ಟರೆ ಅಲ್ಲಿಗೇ ನಿಲ್ಲುತ್ತದೆ. ಅಷ್ಟೂ ಸಿಗಲಿಲ್ಲವಲ್ಲ ಅಂತ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನೈಜೀರಿಯಾದ ಸೊಕೊಟೊದಲ್ಲಿ ಇದಕ್ಕೆಂದೇ ಒಂದು ಆಸ್ಪತ್ರೆ ಇದೆ, ಆಪರೇಷನ್ ಉಚಿತ. ಕಡೆಗಣಿಸಿದ ರೋಗಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸೇರಿಸಿದ್ದು 2023ರ ಡಿಸೆಂಬರ್‌ನಲ್ಲಿ. ಎಷ್ಟು ತಡ ಅಲ್ವಾ?

ದೊಡ್ಡಮ್ಮನಿಗೆ ಆಪರೇಷನ್ ಅಂದಾಗ "ಈ ವಯಸ್ಸಲ್ಲಿ ಚಂದ ಯಾಕೆ" ಅಂದವರಿದ್ದರು. ಚಂದದ ಮಾತೇ ಅಲ್ಲ ಅದು. ಮೊದಲು, ಹಳೆಯ ಗಾಯ ಒಣಗಿ ದವಡೆಯನ್ನು ಕಚ್ಚಿ ಹಿಡಿದಿದ್ದ ಗಟ್ಟಿ ಕಲೆಯನ್ನು ಕತ್ತರಿಸಿ ಬಾಯಿ ಬಿಡಿಸಿದರು. ಆಮೇಲೆ ಹಣೆಯ ಚರ್ಮವನ್ನು, ಒಂದು ತುದಿ ಅಲ್ಲೇ ಬಿಟ್ಟು, ತಿರುಗಿಸಿ ಕೆನ್ನೆಯ ತೂತಿಗೆ ಹೊಲಿದರು. ಹೊಸ ಜಾಗದಲ್ಲಿ ಹಿಡಿಯುವ ತನಕ ರಕ್ತ ಆ ತುದಿಯಿಂದಲೇ ಬರಬೇಕು. ಅದನ್ನು ಬಿಡಿಸಿದ್ದು ಮೂರು ವಾರ ಕಳೆದ ಮೇಲೆ. ಅಷ್ಟು ದಿನ ದೊಡ್ಡಮ್ಮ ಕನ್ನಡಿ ಕೇಳಲೇ ಇಲ್ಲ.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಸುಮ್ನೆ ಬಿಟ್ಟರೆ ದವಡೆ ಮತ್ತೆ ಬಿಗಿಯುತ್ತದೆ. ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು, ದಿನಕ್ಕೆ ನಾಲ್ಕೈದು ಸಲ, ತಿಂಗಳುಗಟ್ಟಲೆ. ಮೊದಲ ದಿನ ಏಳು ಕಡ್ಡಿ. ಎಂಟನೆಯದು ನೂಕುವಾಗ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಮೊದಲೆಲ್ಲ ಕೆನ್ನೆಯ ತೂತಿನಿಂದ ಗಾಳಿ ಸೋರಿ 'ಪ' ಅಕ್ಷರವೇ ಬರುತ್ತಿರಲಿಲ್ಲ. ಒಂದು ಸಂಜೆ ಜಗಲಿಯಿಂದ "ಪುಟ್ಟಾ" ಅಂತ ಸ್ಪಷ್ಟವಾಗಿ ಕೇಳಿಸಿತು, ಯಾರು ಕರೆದದ್ದು ಅಂತ ನಾನು ಹೊರಗೆ ಓಡಿದೆ.

ಹದಿನಾಲ್ಕು ಕಡ್ಡಿ ಹಿಡಿದ ದಿನ ಅಮ್ಮ ಬಂಗುಡೆ ಹುರಿದರು. ಮುಳ್ಳು ತೆಗೆದುಕೊಡಲು ಕೈ ಹಾಕಿದರೆ ದೊಡ್ಡಮ್ಮ ತಟ್ಟೆ ಎಳೆದುಕೊಂಡರು. "ಬೇಡ, ನಾನೇ ತೆಗೀತೇನೆ."