ಹೋದವರು ಎಂಟು ಜನ, ಬಂದವರು ಒಬ್ಬರು

"ಸತ್ತು ಎಂಬತ್ತು ವರ್ಷ ಆದವರ ಮೂಳೆಗೆ ಕಾಡು ಅಲೆಯೋದು ಯಾಕೆ ಭಾವ? ಅಮೆರಿಕದವರಿಗೆ ದುಡ್ಡು ಜಾಸ್ತಿ, ಅಷ್ಟೇ." ಇದು ನಮ್ಮ ಬಾಮೈದನ ಮಾತು. ಹಳೇಬೀಡು ಕಡೆ ಆಲೂಗೆಡ್ಡೆ, ಶುಂಠಿ ಬೆಳೆಯುವವನು. ಖರ್ಚಿನ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತು. ನನ್ನ ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಾತು ಬಂದದ್ದು 'ಹಾಟ್ ಆ್ಯಸ್ ಹೆಲ್' ಅನ್ನೋ ಬಾಂಬರ್ ವಿಮಾನದ್ದು. ಬಿ-24 ಲಿಬರೇಟರ್, ನಾಲ್ಕು ಎಂಜಿನ್. ಎರಡನೇ ಮಹಾಯುದ್ಧದಲ್ಲಿ ಚೀನಾದಲ್ಲಿದ್ದ ಅಮೆರಿಕದ 308ನೇ ಬಾಂಬರ್ ಗ್ರೂಪ್‌ಗೆ ಸೇರಿದ್ದು. ಆ ಗ್ರೂಪ್‌ನ ಪಾಡು ವಿಚಿತ್ರ. ಬರ್ಮಾ ರಸ್ತೆ ಜಪಾನಿನವರ ಕೈಲಿತ್ತು. ಚೀನಾಕ್ಕೆ ಒಂದು ಡ್ರಮ್ ಪೆಟ್ರೋಲ್ ಬೇಕಿದ್ದರೂ ಅಸ್ಸಾಂನಿಂದ ಹಿಮಾಲಯ ದಾಟಿಸಿ ವಿಮಾನದಲ್ಲೇ ತರಬೇಕು. ಹಾಗಾಗಿ ಬಾಂಬರ್‌ಗಳೇ ಬಂದು ತಮ್ಮ ಪೆಟ್ರೋಲು, ತಮ್ಮ ಬಾಂಬು ಹೊತ್ತುಕೊಂಡು ಹೋಗುತ್ತಿದ್ದವು. 1944ರ ಜನವರಿ 25ರಂದು ಈ ವಿಮಾನ ಚೀನಾದ ಕುನ್‌ಮಿಂಗ್‌ನಿಂದ ಅಸ್ಸಾಂನ ಚಾಬುವಾಕ್ಕೆ ಹೊರಟಿತು. ಒಳಗೆ ಎಂಟು ಜನ. ಹವಾಮಾನ ಕೆಟ್ಟಿತ್ತು. ವಿಮಾನ ಚಾಬುವಾ ತಲುಪಲೇ ಇಲ್ಲ.

ನಾನು ಏರ್‌ಫೋರ್ಸ್‌ನಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಒಡಲು ನೋಡಿಕೊಳ್ಳುವವನು, ಆಗಿದ್ದೆ. ಎಪ್ಪತ್ತರ ದಶಕ, ಆಗ್ರಾ, ಐದನೇ ಸ್ಕ್ವಾಡ್ರನ್, ಕ್ಯಾನ್‌ಬೆರಾ ಬಾಂಬರ್. ಅದರ ಎಂಜಿನ್ ಸ್ಟಾರ್ಟ್ ಮಾಡಲು ಕಾರ್ಟ್ರಿಜ್ ಹಾಕಬೇಕಿತ್ತು. ಢಂ ಅಂತ ಸಿಡಿದು ಕಪ್ಪು ಹೊಗೆ ಏಳೋದು. ಮದ್ದಿನ ವಾಸನೆ ಬಟ್ಟೆ ಒಗೆದರೂ ಹೋಗುತ್ತಿರಲಿಲ್ಲ. ಒಳಗೆ ಇಬ್ಬರು, ಪೈಲಟ್ ಮತ್ತು ನ್ಯಾವಿಗೇಟರ್. ಪೈಲಟ್‌ಗೆ ಸೀಟಿನ ಸಮೇತ ಹೊರಗೆ ಚಿಮ್ಮಿಸುವ ಇಜೆಕ್ಷನ್ ಸೀಟ್ ಇತ್ತು. ಮೂತಿಯಲ್ಲಿ ಕೂರುವ ನ್ಯಾವಿಗೇಟರ್‌ಗೆ ಇರಲಿಲ್ಲ. ಏನಾದರೂ ಆದರೆ ಅವನು ಎದ್ದು ಬಂದು ಬಾಗಿಲಿನಿಂದ ಹಾರಬೇಕು. ಎಷ್ಟೋ ಸಲ ಆ ಬಾಗಿಲಿನ ಹಿಂಜು ಒರೆಸುವಾಗ ಇದೇ ಯೋಚನೆ ಬರೋದು.

ನಮ್ಮ ಸ್ಕ್ವಾಡ್ರನ್ 1948ರಲ್ಲಿ ಶುರುವಾದದ್ದೇ ಲಿಬರೇಟರ್‌ಗಳಿಂದ. ಯುದ್ಧ ಮುಗಿದ ಮೇಲೆ ಬಳಸಲು ಬಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟು ಹೋದ ವಿಮಾನಗಳು ಅವು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನವರು ಅವನ್ನೇ ರಿಪೇರಿ ಮಾಡಿ ಹಾರಿಸಿದರು. ಅದರ ಮೇಲೆ 1968ರವರೆಗೂ ನಮ್ಮ ಏರ್‌ಫೋರ್ಸ್‌ನವರು ಹಾರಿದರು. ಲಿಬರೇಟರ್ ಕೆಲಸ ಮಾಡಿದ್ದ ಹಿರಿಯ ಸಾರ್ಜೆಂಟ್‌ಗಳು ನಮಗೆ ಬೈದು ಕೆಲಸ ಕಲಿಸಿದವರು. ಹಾಗಾಗಿ ಬಿ-24 ಅಂದರೆ ನನಗೆ ಬೇರೆಯವರ ವಿಮಾನ ಅನ್ನಿಸುವುದಿಲ್ಲ.

ಈಗ ಬಾಮೈದನ ಪ್ರಶ್ನೆಗೆ ಬರೋಣ. ವಿಮಾನ ಹಾರುವ ಮೊದಲು ಫಾರ್ಮ್ 700 ಅಂತ ಒಂದು ಪುಸ್ತಕ. ಏರ್‌ಫ್ರೇಮ್‌ನವನು, ಎಂಜಿನ್‌ನವನು, ಎಲೆಕ್ಟ್ರಿಕಲ್‌ನವನು, ಒಬ್ಬೊಬ್ಬರೂ ತಮ್ಮ ಕೆಲಸಕ್ಕೆ ಸಹಿ ಹಾಕಬೇಕು. ಆಮೇಲೆ ಪೈಲಟ್ ಸಹಿ. ವಾಪಸ್ ಬಂದ ಮೇಲೆ ಏನು ಸರಿ, ಏನು ಸರಿಯಿಲ್ಲ ಅಂತ ಅವನು ಬರೆಯಬೇಕು. ವಿಮಾನ ಬರದಿದ್ದರೆ ಸಹಿ ಹಾಕಿದವನಿಗೆ ನಿದ್ದೆ ಹೇಗೆ ಬರುತ್ತದೆ? ನನ್ನ ತಪ್ಪಾ, ಮೋಡದ ತಪ್ಪಾ? ಕುನ್‌ಮಿಂಗ್‌ನಲ್ಲೂ ಅವತ್ತು ನನ್ನಂಥ ಫಿಟ್ಟರ್ ಒಬ್ಬ ಕೈ ಒರೆಸಿಕೊಂಡು ನಿಂತಿದ್ದನಲ್ವಾ. ಎಲ್ಲಿ ಬಿತ್ತು ಅಂತ ಗೊತ್ತಾಗುವವರೆಗೆ ಆ ಪುಟ ಮುಗಿಯುವುದಿಲ್ಲ. ನನ್ನ ಮಟ್ಟಿಗೆ ಹುಡುಕಲು ಇಷ್ಟು ಕಾರಣ ಸಾಕು.

ಅವಶೇಷ ಬಿದ್ದಿದ್ದು ಅರುಣಾಚಲದ ಅಪ್ಪರ್ ಸಿಯಾಂಗ್ ಕಡೆ, ದಾಮ್ರೋ ಹಳ್ಳಿಯ ಮೇಲಿನ ಬೆಟ್ಟದಲ್ಲಿ. 2006ರಲ್ಲಿ ಕ್ಲೇಟನ್ ಕೂಲ್ಸ್ ಅನ್ನೋ ಅಮೆರಿಕದ ಚಾರಣಿಗ ಅಲ್ಲಿಗೆ ಹತ್ತಿ ಹೋದರು. ದಾರಿ ತೋರಿಸಿದವರು ಅಲ್ಲಿನವರೇ. ವಿಮಾನದ ನಂಬರ್ ಹಿಡಿದು ಯಾವುದು, ಯಾರಿದ್ದರು ಅಂತ ಗೊತ್ತಾಯಿತು. ಅಲ್ಲಿಂದ ಮುಂದೆ ಸರ್ಕಾರಿ ವೇಗ. ಚೀನಾ ಗಡಿ ಹತ್ತಿರದ ಜಾಗ, ಅನುಮತಿ ಬೇಕು, ಮಳೆ ಬೇರೆ. ಕೊನೆಗೆ ಅಮೆರಿಕದ ತಂಡ ಅಗೆದು ತೆಗೆದ ಮೂಳೆಗಳು 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಊರಿಗೆ ಹೊರಟವು. ಗುರುತು ಸಿಕ್ಕಿದ್ದು ಒಬ್ಬರದ್ದು, ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್. 2017ರಲ್ಲಿ ಜಾರ್ಜಿಯಾ ರಾಜ್ಯದ ಕಾಂಕರ್ಡ್ ಅನ್ನೋ ಸಣ್ಣ ಊರಿನಲ್ಲಿ, ಅವರ ಹುಟ್ಟೂರಿನಲ್ಲೇ, ಮಣ್ಣು ಮಾಡಿದರು. ಅಷ್ಟರಲ್ಲಿ 73 ವರ್ಷ ಕಳೆದಿತ್ತು.

ಇದನ್ನೆಲ್ಲ ನಮ್ಮ ಮನೆಯವಳಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ.

"ಅಲ್ಲಾ ರೀ, ಅವರಮ್ಮ ತಿಥಿ ಯಾವತ್ತು ಮಾಡ್ತಿದ್ರು?"

ಅವರಲ್ಲಿ ತಿಥಿ ಇಲ್ಲ ಕಣೆ ಅಂದೆ.

"ದಿನ ಅಂತ ಒಂದು ಬೇಡ್ವಾ ಮತ್ತೆ? ಮಗ ಕಾಣೆ ಅಂದ್ರೆ ಕಾಯ್ತಾನೇ ಇರ್ಬೇಕು. ಬಾಗ್ಲು ತಟ್ಟಿದ್ರೆ ಎದ್ದು ನೋಡ್ಬೇಕು."

ನಮ್ಮ ಕಡೆ ಕೆರೆ ಏರಿ ಮೇಲೆ, ದೇವಸ್ಥಾನದ ಪಕ್ಕ ವೀರಗಲ್ಲುಗಳಿವೆ. ಕೆಳಗಿನ ಸಾಲಿನಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಮುಂದೆ ಕೂತಿರುವುದು. ಎಷ್ಟೋ ಕಲ್ಲುಗಳಲ್ಲಿ ಹೆಸರೇ ಇಲ್ಲ. ಕಲ್ಲು ನೆಟ್ಟವರಿಗೆ ಆಳು ಸತ್ತದ್ದು ಎಲ್ಲಿ ಅಂತ ಗೊತ್ತಿತ್ತು, ಹೆಸರು ಬೇಕಿರಲಿಲ್ಲವೇನೋ. ವಿಮಾನದವರದ್ದು ಉಲ್ಟಾ. ಹೆಸರು ಪಕ್ಕಾ, ಆಳು ಎಲ್ಲೋ. ಮನಿಲಾದ ಅಮೆರಿಕನ್ ಸ್ಮಶಾನದ ಗೋಡೆಗಳಲ್ಲಿ ಹೀಗೆ ಕಾಣೆಯಾದ 36 ಸಾವಿರಕ್ಕೂ ಹೆಚ್ಚು ಜನರ ಹೆಸರಿದೆ. ಯಾರಾದರೂ ಸಿಕ್ಕಿದರೆ ಅವರ ಹೆಸರಿನ ಪಕ್ಕ ಕಂಚಿನ ಸಣ್ಣ ಹೂವೊಂದನ್ನು ಕೂರಿಸುತ್ತಾರೆ. ಈ ಪದ್ಧತಿ ನನಗೆ ಬಹಳ ಹಿಡಿಸಿತು. ಹೆಸರು ಅಳಿಸುವುದಿಲ್ಲ. ಪುಟ ಮುಗಿಯಿತು ಅಂತ ಗುರುತು ಹಾಕುತ್ತಾರೆ.

ದುಡ್ಡು ಜಾಸ್ತಿ ಇದ್ದವರು ಮಾತ್ರ ಮಾಡುವ ಕೆಲಸವೂ ಅಲ್ಲ ಇದು. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ನಮ್ಮದೇ ಎಎನ್-12 ಸಾಗಣೆ ವಿಮಾನ ರೋಹ್ತಾಂಗ್ ಹತ್ತಿರ ಬಿತ್ತು. ಒಳಗೆ 102 ಜನ. ಅವಶೇಷ ಕಂಡದ್ದು 2003ರಲ್ಲಿ. ಹಿಮನದಿ ಕರಗಿದಂತೆ ಒಬ್ಬೊಬ್ಬರೇ ಸಿಗುತ್ತಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸೇನೆಯವರಿಗೆ ಇನ್ನೂ ನಾಲ್ವರು ಸಿಕ್ಕಿದರು, 56 ವರ್ಷದ ಮೇಲೆ. ಅವರಲ್ಲಿ ಒಬ್ಬರು ಕೇರಳದ ಎಲಂತೂರಿನವರು. ಊರಿನ ಚರ್ಚಿನಲ್ಲಿ ಮಣ್ಣು ಮಾಡುವಾಗ ಒಡಹುಟ್ಟಿದವರು ಇನ್ನೂ ಇದ್ದರು.

ಉಳಿದವರಿಗಾಗಿ ಮತ್ತೆ ಬೆಟ್ಟ ಹತ್ತಬೇಕು. ದಾಮ್ರೋದ ಮೇಲೂ ಅಷ್ಟೇ, ರೋಹ್ತಾಂಗ್‌ನಲ್ಲೂ ಅಷ್ಟೇ. ನನ್ನನ್ನು ಕೇಳಿದರೆ ಹತ್ತಲಿ, ಖರ್ಚಾದರೆ ಆಗಲಿ.