ಇನ್ನೂ ಬಾಗುವ ಪುಟಕ್ಕೇ ಮೊದಲ ಸುಣ್ಣ

ಹಳೆಯ ಕಾಗದದ ರಿಪೇರಿ ನನ್ನ ಕಸುಬು. ರಸಾಯನಶಾಸ್ತ್ರ ಓದಿದೆ, ಆಮೇಲೆ ಬೈಂಡಿಂಗ್ ಕಲಿತೆ, ಈಗ ಧಾರವಾಡದ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಕೂತು ಇದನ್ನೇ ಮಾಡುತ್ತೇನೆ. ಪುಸ್ತಕ ತರುವವರೆಲ್ಲ ಕಪಾಟು ತಡಕಾಡಿ ಎಲ್ಲಕ್ಕಿಂತ ಹೆಚ್ಚು ಹಾಳಾದದ್ದನ್ನೇ ಆರಿಸಿ ತರುತ್ತಾರೆ. ಮೊನ್ನೆ ನಿವೃತ್ತ ಮಾಸ್ತರರೊಬ್ಬರು ಎರಡು ಗಂಟು ತಂದರು. ಒಂದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಚ್ಚಾದ ಕಾದಂಬರಿ. ಬಟ್ಟೆ ಬಿಚ್ಚುವಷ್ಟರಲ್ಲೇ ಅಂಚುಗಳು ಪುಡಿಪುಡಿಯಾಗಿ ಮೇಜಿನ ಮೇಲೆ ಬಿದ್ದವು. ಇನ್ನೊಂದು, 60ರ ದಶಕದ ಮಾಸಪತ್ರಿಕೆಯ ಸಂಚಿಕೆಗಳನ್ನು ಕೂಡಿಸಿ ಹೊಲಿದ ಸಂಪುಟ. ಅಂಚು ಹಳದಿಯಾಗಿದೆ, ಆದರೆ ಪುಟ ತಿರುವಿದರೆ ಬಾಗುತ್ತದೆ.

"ಮೊದಲ ಇದನ್ನ ಉಳಿಸಿಕೊಡವಾ ತಂಗಿ, ನ್ಯಾನೋ ಔಷಧ ಬಂದದ ಅಂತಲ್ಲ" ಎಂದು ಕಾದಂಬರಿಯನ್ನು ಮುಂದಕ್ಕೆ ಸರಿಸಿದರು.

"ಸರ, ಇದರ ಫೋಟೋ ತಗೊಳ್ಳೋಣ. ಔಷಧ ಆ ಮಾಸಪತ್ರಿಕೆಗೆ ಹಾಕೋಣ" ಎಂದೆ.

ಅವರಿಗೆ ಬೇಜಾರಾಯಿತು. ಹಾಗೆ ಹೇಳಿದ್ದಕ್ಕೆ ಕಾರಣವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಗ್ರಂಥಾಲಯಗಳಲ್ಲೂ ಮನೆಗಳಲ್ಲೂ ಇದೇ ಪ್ರಶ್ನೆ ಬರುತ್ತದೆ.

ಕಾಗದವೆಂದರೆ ಸೆಲ್ಯುಲೋಸ್ ಎಂಬ ಸಸ್ಯದ ನಾರಿನ ವಸ್ತುವಿನ ಉದ್ದುದ್ದ ಸರಪಳಿಗಳು. ಬಟ್ಟೆಯ ಚಿಂದಿಯಿಂದ ಕೈಯಲ್ಲಿ ಮಾಡಿದ ಹಳೆಯ ಕಾಗದದಲ್ಲಿ ಅವು ನೂರಾರು ವರ್ಷ ಗಟ್ಟಿಯಾಗಿ ಉಳಿದಿವೆ. ಕೆಟ್ಟದ್ದು 19ನೇ ಶತಮಾನದಲ್ಲಿ. ಶಾಯಿ ಹರಡದ ಹಾಗೆ ಕಾಗದಕ್ಕೆ ರಾಳ ಮತ್ತು ಆಲಂ ಎಂಬ ಅಲ್ಯೂಮಿನಿಯಂ ಲವಣ ಬೆರೆಸುವ ವಿಧಾನವನ್ನು ಜರ್ಮನಿಯ ಇಲ್ಲಿಗ್ 1807ರಲ್ಲಿ ಪ್ರಕಟಿಸಿದ. 1840ರ ದಶಕದಲ್ಲಿ ಕೆಲ್ಲರ್ ಎಂಬಾತ ಮರವನ್ನು ಅರೆದು ತಿರುಳು ಮಾಡುವ ದಾರಿ ತೋರಿಸಿದ. ಕಾಗದ ಅಗ್ಗವಾಯಿತು, ಓದು ಎಲ್ಲರ ಮನೆಗೆ ಬಂತು. ಆದರೆ ಆಲಂ ಗಾಳಿಯ ತೇವದ ಜೊತೆ ಸೇರಿ ಆಮ್ಲ ಬಿಡುತ್ತದೆ, ಆ ಆಮ್ಲ ಸೆಲ್ಯುಲೋಸಿನ ಸರಪಳಿಯನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಕತ್ತರಿಸುವಾಗ ಆಮ್ಲ ಖರ್ಚಾಗುವುದೇ ಇಲ್ಲ. ಕೊಳೆಯುತ್ತ ಹೋದಂತೆ ಕಾಗದವೇ ಹೊಸ ಆಮ್ಲಗಳನ್ನು ಹುಟ್ಟಿಸುತ್ತದೆ. ಸೆಕೆ, ತೇವ ಎರಡೂ ಇದ್ದಲ್ಲಿ ಇದು ಇನ್ನೂ ಜೋರು. ಕರಾವಳಿಯಿಂದ ಬರುವ ಪುಸ್ತಕ ಮುಟ್ಟಿದಾಗಲೆಲ್ಲ ನನಗೆ ಈ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಡಾಂಬರುಗುಳಿಗೆ, ಬೇವಿನ ಎಲೆ ಹುಳುವಿಗೆ ಸರಿ, ಆಮ್ಲಕ್ಕೆ ಅವುಗಳಿಂದ ಏನೂ ಆಗದು.

ಆಮ್ಲಕ್ಕೆ ಮದ್ದು ಕ್ಷಾರ. ಈಗ ಎಲ್ಲರೂ ಕೇಳುವ ನ್ಯಾನೋ ಔಷಧದೊಳಗೆ ಇರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಎಲೆಗೆ ಸವರುವ, ಗೋಡೆಗೆ ಬಳಿಯುವ ಅದೇ ಸುಣ್ಣ. ಸುಣ್ಣದ ತೊಡಕೆಂದರೆ ಅದು ನೀರಿನಲ್ಲಿ ಬಹಳ ಕರಗುವುದಿಲ್ಲ. ಲೀಟರಿಗೆ ಎರಡು ಗ್ರಾಮೂ ಹಿಡಿಯದು. ದಪ್ಪ ಕಣಗಳನ್ನು ಹಾಗೇ ಸವರಿದರೆ ಪುಟದ ಮೇಲೆ ಬಿಳಿ ಹುಡಿಯಾಗಿ ಕೂರುತ್ತದೆ, ಒಳಗೆ ಇಳಿಯದು. ಕಾಗದದ ಒಂದು ನಾರಿನ ಅಗಲ ಸುಮಾರು 20-30 ಮೈಕ್ರಾನ್, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅದರ ನೂರನೇ ಒಂದು ಪಾಲಿನಷ್ಟು, ಅಂದರೆ 200 ನ್ಯಾನೋಮೀಟರಿನ ಆಸುಪಾಸಿನ ಸುಣ್ಣದ ಕಣಗಳನ್ನು ಆಲ್ಕೋಹಾಲಿನಲ್ಲಿ ತೇಲಿಬಿಟ್ಟರೆ ಅವು ನಾರುಗಳ ನಡುವೆ ಹೊಕ್ಕು ನಿಲ್ಲುತ್ತವೆ. ಇರುವ ಆಮ್ಲವನ್ನು ಕೊಲ್ಲುತ್ತವೆ. ಉಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ, ಮುಂದೆ ಹುಟ್ಟುವ ಆಮ್ಲಕ್ಕೆಂದು ಅಲ್ಲೇ ಕಾದಿರುತ್ತದೆ. ಬಳಿದ ಸುಣ್ಣ ಗೋಡೆಯ ಮೇಲೆ ಗಟ್ಟಿಯಾಗುವುದೂ ಇದೇ ಕ್ರಿಯೆಯಿಂದ.

ಈ ವಿದ್ಯೆ ಗೋಡೆಯಿಂದಲೇ ಬಂದದ್ದು. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಆರ್ನೋ ನದಿ ಉಕ್ಕಿ ಚರ್ಚುಗಳ ಭಿತ್ತಿಚಿತ್ರಗಳೂ ಗ್ರಂಥಾಲಯಗಳ ಲಕ್ಷಗಟ್ಟಲೆ ಪುಸ್ತಕಗಳೂ ಕೆಸರಾದವು. ಅಲ್ಲಿನ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಎಂಜೋ ಫೆರೋನಿ ಆ ಚಿತ್ರಗಳ ಕೆಲಸಕ್ಕೆ ಇಳಿದರು. ಅವರ ದಾರಿಯಲ್ಲೇ ಮುಂದುವರಿದ ಪಿಯೆರೋ ಬಾಲ್ಯೋನಿ ಅವರ ತಂಡ ಸುಣ್ಣದ ಸಣ್ಣ ಕಣಗಳನ್ನು ಮೊದಲು ಭಿತ್ತಿಚಿತ್ರಕ್ಕೂ, ಆಮೇಲೆ ಕಾಗದ, ಕ್ಯಾನ್ವಾಸಿಗೂ ಬಳಸಿತು. ಕಾಗದದ ಮೇಲಿನ ಪ್ರಬಂಧ 2002ರಲ್ಲಿ ಬಂತು. ನನಗೆ ಈ ಸೌಮ್ಯ ದಾರಿ ಹಿಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಿಂದೆ ಡೈಈಥೈಲ್ ಸತುವಿನ ಅನಿಲದಿಂದ ಸಾವಿರಾರು ಪುಸ್ತಕಗಳನ್ನು ಒಟ್ಟಿಗೆ ಶುದ್ಧಿ ಮಾಡಲು ಹೊರಟಿತ್ತು. ಗಾಳಿ ತಾಗಿದರೆ ಹೊತ್ತಿಕೊಳ್ಳುವ ವಸ್ತು ಅದು. ನಾಸಾದ ಗಾಡರ್ಡ್ ಕೇಂದ್ರದಲ್ಲಿದ್ದ ಪ್ರಯೋಗದ ಘಟಕದಲ್ಲಿ 1985ರ ಡಿಸೆಂಬರಿನಲ್ಲಿ ಬೆಂಕಿ, 1986ರ ಫೆಬ್ರವರಿಯಲ್ಲಿ ಸ್ಫೋಟ. ಕೊನೆಗೆ ಘಟಕವನ್ನೇ ಕೆಡವಿದರು.

ಮಾಸ್ತರರ ಮಾಸಪತ್ರಿಕೆಗೆ ಮಾಡಿದ್ದು ಇಷ್ಟು. ಮೊದಲು ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ. ಪುಟದ ಮೂಲೆಗೆ ಡಿಸ್ಟಿಲ್ಡ್ ವಾಟರಿನ ಒಂದು ಹನಿ ಬಿಟ್ಟು, ಪಿಎಚ್ ಮೀಟರಿನ ಚಪ್ಪಟೆ ತುದಿಯ ಎಲೆಕ್ಟ್ರೋಡ್ ಇಟ್ಟು ನೋಡಿದೆ. 4.5ರ ಸುತ್ತ ತೋರಿಸಿತು. ಆಮೇಲೆ ಮೂಲೆಯನ್ನು ಮೆಲ್ಲಗೆ ಹಿಂದೆ ಮುಂದೆ ಮಡಚಿದೆ. ಮುರಿಯಲಿಲ್ಲ. ಮೂರನೆಯದು ಶಾಯಿಯ ಪರೀಕ್ಷೆ, ಅವಸರದಲ್ಲಿ ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಅಚ್ಚಿನ ಅಕ್ಷರದ ಮೇಲೆ ಒತ್ತಿದೆ. ಹತ್ತಿ ಬೆಳ್ಳಗೇ ಉಳಿಯಿತು. ವಾಚನಾಲಯದ ರಬ್ಬರ್ ಮುದ್ರೆಯ ಮೇಲೆ ಒತ್ತಿದ ಕೂಡಲೇ ನೇರಳೆ ಬಣ್ಣ ಹತ್ತಿಗೆ ಏರಿತು. ಬಾಲ್ ಪೆನ್ನಿನ ಬರಹವೂ ಹೀಗೇ ಕದಡುತ್ತದೆ. ಮುದ್ರೆ ಇದ್ದ ಪುಟಗಳಲ್ಲಿ ಅದರ ಸುತ್ತ ಜಾಗ ಬಿಟ್ಟು ಸವರುವುದೆಂದು ಗುರುತು ಮಾಡಿಕೊಂಡೆ.

ಕಿಟಕಿ ತೆರೆದು, ಫ್ಯಾನ್ ಹಚ್ಚಿ, ಕೆಳಗಿನ ಅಡುಗೆಮನೆಯಲ್ಲಿ ಒಲೆ ಆರಿಸಿದ್ದಾರೋ ನೋಡಿ ಕೂತೆ. ನ್ಯಾನೋ ಸುಣ್ಣದ ಬಾಟಲಿ ಚೆನ್ನಾಗಿ ಕುಲುಕಿ, ಅದೇ ಆಲ್ಕೋಹಾಲಿನಲ್ಲಿ ತೆಳುಮಾಡಿ, ಪುಟದ ಕೆಳಗೆ ಬ್ಲಾಟಿಂಗ್ ಪೇಪರ್ ಇಟ್ಟು ಮೆತ್ತನೆಯ ಬ್ರಶ್ಶಿನಿಂದ ಸವರಿದೆ. ನೆನೆದ ಪುಟ ಗಾಜಿನ ಹಾಗೆ ತಿಳಿಯಾಗಿ ಹಿಂದಿನ ಅಕ್ಷರಗಳೆಲ್ಲ ಉಲ್ಟಾ ಮೂಡುತ್ತವೆ. ಕೆಲವೇ ನಿಮಿಷದಲ್ಲಿ ಆಲ್ಕೋಹಾಲ್ ಹಾರಿ ಪುಟ ಮೊದಲಿನ ಹಾಗೆ. ನೀರಾಗಿದ್ದರೆ ನಾರು ಉಬ್ಬಿ ಪುಟ ಸುಕ್ಕುಗಟ್ಟುತ್ತಿತ್ತು. ದಟ್ಟವಾದರೆ ಕಪ್ಪು ಅಚ್ಚಿನ ಮೇಲೆ ಬೂದಿ ಹೊದಿಸಿದಂಥ ಛಾಯೆ ಬರುತ್ತದೆ. ಅದಕ್ಕೇ ಒಂದೇ ಸಲ ಗಟ್ಟಿಯಾಗಿ ಹಾಕದೆ ತೆಳುವಾಗಿ ಎರಡು ಸಲ ಹಾಕುವುದೇ ನನ್ನ ಪದ್ಧತಿ. ಆಮೇಲೆ ಸಂಪುಟವನ್ನು ಬಿಗಿಯಾಗಿ ಮುಚ್ಚಿ ಕಪಾಟಿಗೆ ತುರುಕಬಾರದು. ಸುಣ್ಣ ಕಾರ್ಬೋನೇಟ್ ಆಗಲು ಗಾಳಿ ಬೇಕು, ಸ್ವಲ್ಪ ತೇವವೂ ಬೇಕು. ಪುಟ ಬಿಡಿಸಿ ಕೆಲವು ದಿನ ಹಾಗೇ ಇಡುತ್ತೇನೆ. ಇದೇ ಸಂಪುಟದ ಪಿಎಚ್ ಆಮೇಲೆ 8ರ ಹತ್ತಿರ ತೋರಿಸಿತು.

ಮನೆಯ ಸುಣ್ಣದ ಡಬ್ಬಿಯಿಂದ ಇದನ್ನು ಮಾಡಹೋಗಬೇಡಿ. ಕಣ ದಪ್ಪ, ಸುಣ್ಣದ ನೀರಿನ ಪಿಎಚ್ 12ಕ್ಕೂ ಮೇಲೆ. ಕಬ್ಬಿಣದ ಅಂಶವಿರುವ ಹಳೆಯ ಮಸಿಯ ಕೈಬರಹಕ್ಕಂತೂ ಕ್ಷಾರ ಹೆಚ್ಚಾದರೂ ಹಾನಿಯೇ, ಬಣ್ಣ ಬದಲಾಗುತ್ತದೆ, ಕಾಗದವೂ ಇನ್ನೊಂದು ಬಗೆಯಲ್ಲಿ ಸವೆಯುತ್ತದೆ. ಅಂಥದ್ದಕ್ಕೆ ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಕಣ ಬಳಸಿ ಪಿಎಚ್ ಅನ್ನು 7ರ ಆಸುಪಾಸಿನಲ್ಲೇ ನಿಲ್ಲಿಸಬೇಕಾಗುತ್ತದೆ. ಕಬ್ಬಿಣದ ಮಸಿಯಿಲ್ಲದ ಬಿಡಿ ಹಾಳೆಯಾಗಿದ್ದು, ಅದರ ಅಕ್ಷರ ನೀರಿಗೆ ಕದಡದಿದ್ದರೆ ಮೆಗ್ನೀಸಿಯಂ ಬೈಕಾರ್ಬೋನೇಟಿನ ನೀರಿನ ಸ್ನಾನವೇ ಸಾಕು. ಆಮದಾಗುವ ನ್ಯಾನೋ ಬಾಟಲಿಯ ದುಡ್ಡನ್ನು ಹೊಲಿಗೆ ಬಿಚ್ಚಲಾಗದ, ನೀರು ತಾಳದ ಪುಸ್ತಕಗಳಿಗೆ ಎತ್ತಿಡಿ.

ಸುಣ್ಣ ಆಮ್ಲವನ್ನು ತಡೆಯುತ್ತದೆ, ಅಷ್ಟೇ. ಕತ್ತರಿಸಿಹೋದ ಸರಪಳಿಯನ್ನು ಮತ್ತೆ ಜೋಡಿಸುವುದಿಲ್ಲ, ಹಳದಿಯನ್ನು ಬಿಳಿ ಮಾಡುವುದಿಲ್ಲ. ಮುಟ್ಟಿದರೆ ಮುರಿಯುವ ಪುಟಕ್ಕೆ ಹಾಕಿದರೂ ಅದು ಮುಟ್ಟಿದರೆ ಮುರಿಯುವ ಪುಟವೇ. ಅದಕ್ಕೆ ಬೇಕಾದದ್ದು ಒಳ್ಳೆಯ ಫೋಟೋ, ತೆಳು ಟಿಶ್ಯೂವಿನ ಆಸರೆ, ಒಂದು ಪೆಟ್ಟಿಗೆ. ಅದೇ ಬಾಟಲಿ 60ರ ದಶಕದ ಪತ್ರಿಕೆಯ ಮೇಲೆ ಖರ್ಚಾದರೆ ಅದು ಬಾಗುವ ಸ್ಥಿತಿಯಲ್ಲೇ ಬಹುಕಾಲ ಉಳಿಯುತ್ತದೆ. ನಮ್ಮ ಸಣ್ಣ ಊರುಗಳ ವಾಚನಾಲಯಗಳಲ್ಲಿ ಇಂಥ ಸಂಪುಟಗಳು ಸಾಲುಸಾಲಾಗಿವೆ, ಎಷ್ಟೋ ಪತ್ರಿಕೆಗಳ ಇನ್ನೊಂದು ಪ್ರತಿ ಬೇರೆಲ್ಲೂ ಸಿಗದು. ಅವು ಚೆನ್ನಾಗಿಯೇ ಇವೆ ಎಂದುಕೊಂಡು ಯಾರೂ ಅವುಗಳತ್ತ ನೋಡುತ್ತಿಲ್ಲ ಎಂಬುದೇ ನನ್ನ ಸಂಕಟ.

ಗ್ರಂಥಾಲಯದವರಲ್ಲಿ ನನ್ನದೊಂದು ಕೋರಿಕೆ. ಮರುಬೈಂಡಿಂಗಿಗೆ ಕಳಿಸಿ ಅಂಚು ಕತ್ತರಿಸಿಸುವ ಮುನ್ನ ಕಪಾಟಿನ ಪ್ರತಿ ಸಾಲಿನಿಂದ ಒಂದೊಂದು ಸಂಪುಟ ತೆಗೆದು, ಓದಿಗೆ ಅಡ್ಡಬರದ ಮೂಲೆಯಲ್ಲಿ ಪಿಎಚ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು ನೋಡಿ. ನೇರಳೆಗೆ ತಿರುಗಿದರೆ ಸದ್ಯಕ್ಕೆ ಚಿಂತೆಯಿಲ್ಲ. ತಿರುಗದಿದ್ದರೆ ಆಮ್ಲ ಇದೆ, ಆಗ ಮೂಲೆ ಮಡಚಿ ನೋಡಿ, ಬಾಗುವುದನ್ನು ಒಂದು ಪಟ್ಟಿಗೆ, ಮುರಿಯುವುದನ್ನು ಇನ್ನೊಂದಕ್ಕೆ ಬರೆಯಿರಿ. ಹುಬ್ಬಳ್ಳಿ, ಧಾರವಾಡ, ಗದಗದ ಕಡೆಯ ಯಾವ ವಾಚನಾಲಯದವರು ಈ ಪಟ್ಟಿ ಮಾಡಲು ಮುಂದಾದರೂ ಎಲೆಕ್ಟ್ರೋಡ್, ಪೆನ್ನು ತೆಗೆದುಕೊಂಡು ನಾನೇ ಬರುತ್ತೇನೆ, ಜೊತೆಗೆ ಕೂತು ಮಾಡೋಣ.